ಟ್ಯಾಂಕಿನ ಏಣಿಗೆ ಬಳಿದ ಬೆಳ್ಳಿ ಬಣ್ಣ

ಹೋದ ತಿಂಗಳು ಚಾಮರಾಜನಗರದ ಒಂದು ತರಬೇತಿ ಕೇಂದ್ರದವರು ನನ್ನನ್ನು ಕರೆದಿದ್ದರು. ಪೇಂಟಿಂಗ್ ಕಲಿಯಲು ಸೇರಿದವರಿಗೆ ಅನುಭವದ ನಾಲ್ಕು ಮಾತು ಹೇಳಬೇಕಂತೆ. ನನಗಿಂತ ಮೊದಲು ಬಣ್ಣದ ಕಂಪನಿಯ ಪ್ರತಿನಿಧಿಯೊಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು ಒಂದು ಗಂಟೆ ಮಾತಾಡಿದರು. ತಮ್ಮ ಡಬ್ಬಿ ತೆರೆದು ಬಳಿದರೆ ಸಾಕು, ಕಬ್ಬಿಣ ಮೊಮ್ಮಕ್ಕಳ ಕಾಲದವರೆಗೂ ಹಾಗೇ ಇರುತ್ತದೆ ಎಂದರು. ಆ ಮನುಷ್ಯನ ಉಗುರಿನ ಸಂದಿಯಲ್ಲಿ ಒಂದು ಚೂರು ಬಣ್ಣ ಇರಲಿಲ್ಲ. ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಹತ್ತು ನಿಮಿಷ ಕೊಟ್ಟರು, ಶಾಲು ಹೊದಿಸಿದರು, ಫೋಟೋ ತೆಗೆದರು. ಆ ಹತ್ತು ನಿಮಿಷದಲ್ಲಿ ನಾನು ಕೆಮ್ಮಿದ್ದೇ ಹೆಚ್ಚು.

ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಗುಂಡ್ಲುಪೇಟೆಯವನು, ನಂಜುಂಡಸ್ವಾಮಿ. ಬಯಲಲ್ಲಿ ನಿಂತ ಕಬ್ಬಿಣಕ್ಕೆ ಬಣ್ಣ ಬಳಿದು ಬದುಕಿದವನು. ಗೇಟು, ಗ್ರಿಲ್ಲು, ಬಸ್ ತಂಗುದಾಣದ ಚಾವಣಿ, ಶಾಲೆಯ ಉಯ್ಯಾಲೆ, ನೀರಿನ ಟ್ಯಾಂಕಿನ ಏಣಿ, ಹೀಗೆ. ನಿವೃತ್ತಿಯ ಆದೇಶವನ್ನು ನನಗೆ ಯಾರೂ ಕೊಡಲಿಲ್ಲ, ಮಂಡಿ ಕೊಟ್ಟಿತು. ಗೋಡೆಗೆ ಬಳಿಯುವವರನ್ನು ನಾನು ಪೇಂಟರ್ ಎಂದು ಒಪ್ಪುವುದೇ ಇಲ್ಲ. ಗೋಡೆಯ ಬಣ್ಣ ಹೋದರೆ ಗೋಡೆ ನಿಂತೇ ಇರುತ್ತದೆ, ಹೊರಗೆ ನಿಂತ ಕಬ್ಬಿಣದ ಬಣ್ಣ ಹೋದರೆ ಅದರ ಹಿಂದೆಯೇ ಕಬ್ಬಿಣವೂ ಹೋಗುತ್ತದೆ.

ನಾನು ಬಣ್ಣ ಬಳಿದ ಒಂದು ಏಣಿಯಿಂದ ಒಬ್ಬ ಮನುಷ್ಯ ಬಿದ್ದು ಜೀವಮಾನವಿಡೀ ಕುಂಟುವಂತಾಯಿತು. ಶಾಲು ಹೊದ್ದುಕೊಂಡು ಅದನ್ನು ಹೇಳಲು ನಾಚಿಕೆಯಾಯಿತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಅದಕ್ಕೆ ಮೊದಲು ಹೇಳಬೇಕಾದ್ದು ಸ್ವಲ್ಪ ಇದೆ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ್ದು ಗಿರಾಕಿಗಳ ವಿಷಯ. ಅವರಿಗೆ ಬೇಕಾದ್ದು ಬಣ್ಣ, ಬಾಳಿಕೆಯ ವಿಚಾರ ಬೇಡ. ಚಾಮರಾಜನಗರದಲ್ಲಿ ಅರಿಸಿನದ ವ್ಯಾಪಾರ ಮಾಡುವ ಸಾಹುಕಾರರೊಬ್ಬರು ಹೊಸ ಮನೆಗೆ ಆನೆ ನುಗ್ಗಿದರೂ ಅಲುಗಾಡದಂಥ ಗೇಟು ಮಾಡಿಸಿದ್ದರು. ಅದಕ್ಕೆ ಮೆರೂನ್ ಇರಲೋ ಕಾಫಿ ಬಣ್ಣ ಇರಲೋ ಎಂದು ಮನೆಮಂದಿಯೆಲ್ಲ ಶೇಡ್ ಕಾರ್ಡ್ ಹಿಡಿದು ಮೂರು ದಿನ ಜಗಳವಾಡಿದರು. ಭಾವಮೈದುನ ಮೊಬೈಲಿನಲ್ಲಿ ಯಾವುದೋ ಅರಮನೆಯ ಗೇಟು ತೋರಿಸಿದ. ನಾನು ನಡುವೆ ಬಾಯಿ ಹಾಕಿ, ಪ್ರೈಮರ್ ಯಾವುದು ತರಿಸುತ್ತೀರಿ ಎಂದು ಕೇಳಿದೆ.

"ಒಳಗ್ ಓಗಾದು ಯಾವ್ದಾದ್ರೂ ಆಗ್ಲಿ ಬುಡಿ ಮೇಸ್ತ್ರಿ. ಅದ್ನ ಯಾರ್ ನೋಡಾರು? ಮ್ಯಾಲಿಂದು ಚೆಂದಾಗಿರ್ಬೇಕು."

ಹಾಗೆಂದವರು ಅರಿಸಿನ ಕೊಳ್ಳುವಾಗ ಕೊಂಬು ಮುರಿದು ಒಳಗಿನ ಬಣ್ಣ ನೋಡದೆ ಒಂದು ಮೂಟೆಯನ್ನೂ ಇಳಿಸಿಕೊಳ್ಳದ ಮನುಷ್ಯ. ಬೆಸುಗೆಯ ಮಸಿ ಉಜ್ಜಲು ಒಂದು ದಿನ ಬೇಕು ಎಂದರೆ ಅದೂ ಬೇಡ ಎಂದರು. ಸ್ನಾನ ಮಾಡದೆ ಹೊಸ ಅಂಗಿ ತೊಟ್ಟ ಹಾಗೆ ಆ ಗೇಟು ಗೃಹಪ್ರವೇಶಕ್ಕೆ ನಿಂತಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆ ಹಾಕಿದ ಕಡೆಯೆಲ್ಲ ಬಣ್ಣ ಗುಳ್ಳೆ ಎದ್ದಿತು. ಮೆರೂನ್ ಆದ್ದರಿಂದ ಒಳಗಿನ ತುಕ್ಕು ಹೊರಗೆ ಕಾಣಲಿಲ್ಲ, ಕಂಡಾಗ ಕೆಳಗಿನ ಪಟ್ಟಿಯನ್ನೇ ಕತ್ತರಿಸಬೇಕಾಯಿತು. ತುಕ್ಕಿನ ಬಣ್ಣದ್ದೇ ಬಣ್ಣ ಬಳಿಸುವುದೆಂದರೆ ಕಳ್ಳನಿಗೆ ಬಚ್ಚಿಟ್ಟುಕೊಳ್ಳಲು ಜಾಗ ಕೊಟ್ಟ ಹಾಗೆ. ಅದನ್ನು ಅವರಿಗೆ ವಿವರಿಸಿದೆ. ಅವರು ಇನ್ನೊಂದು ಶೇಡ್ ಕಾರ್ಡ್ ತರಿಸಿದರು.

ತೆರಕಣಾಂಬಿ ಕಡೆಯ ಜಮೀನ್ದಾರ ಶಿವಮಲ್ಲಪ್ಪನವರದು ಇನ್ನೊಂದು ಬಗೆ. ಅವರಿಗೆ ಬಣ್ಣಕ್ಕಿಂತ ಗಳಿಗೆ ಮುಖ್ಯ. ತೋಟದ ಮನೆಯ ಗೇಟಿಗೆ ಸೋಮವಾರವೇ ಬಣ್ಣ ಹಾಕಬೇಕು, ರಾಹುಕಾಲ ಹುಟ್ಟುವ ಮುಂಚೆ, ಎಂದರೆ ಬೆಳಿಗ್ಗೆ ಏಳೂವರೆ ಒಳಗೆ. ಮಾಗಿಯ ಚಳಿ. ನಮ್ಮ ಕಡೆ ಆ ಹೊತ್ತಿನಲ್ಲಿ ಎದುರಿಗೆ ಬರುವ ಎತ್ತಿನ ಕೊಂಬು ಕಾಣುವುದಿಲ್ಲ, ಅಂಥ ಮಂಜು. ಕಬ್ಬಿಣ ಮುಟ್ಟಿದರೆ ಅಂಗೈ ಒದ್ದೆಯಾಗುತ್ತಿತ್ತು.

"ನೀರದೆ ಬುದ್ಧಿ, ಬಿಸಿಲು ಬರ್ಲಿ" ಎಂದೆ.

"ಒರ್ಸ್ಬುಟ್ಟು ಒಡಿ ನಂಜುಂಡ. ಗಳಿಗೆ ನಿಂಗ ಕಾಯ್ತದಾ?"

ಒರೆಸಿದೆ. ಒರೆಸಿದಷ್ಟೂ ಬೆವರಿತು. ಅವರು ಕೈಗಡಿಯಾರ ನೋಡುತ್ತಾ ನಿಂತರು, ನಾನು ನೀರಿನ ಮೇಲೆ ಬಣ್ಣ ಎಳೆದೆ. ಶಿವರಾತ್ರಿ ಹೊತ್ತಿಗೆ ಆ ಬಣ್ಣ ಬೇಯಿಸಿದ ಕಡಲೆಕಾಯಿಯ ಸಿಪ್ಪೆಯಂತೆ ಕೈಗೇ ಬಂತು. ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದೆನೆಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಗಳಿಗೆಯ ಮೇಲೆ ಮಾತ್ರ ಯಾರೂ ತಪ್ಪು ಹೊರಿಸಲಿಲ್ಲ.

ಆಮೇಲೆ ನಾನೊಂದು ಉಪಾಯ ಕಂಡುಕೊಂಡೆ. ಗಳಿಗೆಗೆ ಸರಿಯಾಗಿ ಕೀಲಿನ ಹಿಂದೆ ಒಂದು ವಿಭೂತಿ ಪಟ್ಟೆ, ಅದರ ಪಕ್ಕ ಬ್ರಷ್ಷಿನ ಒಂದು ಎಳೆತ. ಕೆಲಸ ಶುರುವಾಯಿತು ಬುದ್ಧಿ, ಎಂದು ಕೈಮುಗಿದು ಕಾಫಿಗೆ ಕೂರುವುದು. ಹತ್ತು ಗಂಟೆಗೆ ಕಬ್ಬಿಣ ಒಣಗಿ ಬೆಚ್ಚಗಾದ ಮೇಲೆ ನಿಜವಾದ ಕೆಲಸ. ನಡು ಮಧ್ಯಾಹ್ನ ಮತ್ತೆ ನಿಲ್ಲಿಸಬೇಕು, ಸುಡುವ ಕಬ್ಬಿಣದ ಮೇಲೆ ಎನಾಮಲ್ ಕೂಡಲೇ ಕೆನೆಗಟ್ಟಿ ಗುಳ್ಳೆ ಏಳುತ್ತದೆ. ಈ ಉಪಾಯದಿಂದ ಶಿವಮಲ್ಲಪ್ಪನವರ ನೆಂಟರ ಗೇಟುಗಳೆಲ್ಲ ಉಳಿದವು. ಅವರೆಲ್ಲ ಈಗಲೂ ಗಳಿಗೆಯನ್ನೇ ಹೊಗಳುತ್ತಾರೆ.

ಬೇರೆಯವರನ್ನು ಬೈದದ್ದಾಯಿತು, ನನ್ನನ್ನೂ ಸ್ವಲ್ಪ ಬೈದುಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಂಗಡಿಯ ಮುಂದೆ ಹೊಳೆಯುವ ಹೊಸ ಜಿಐ ಪೈಪುಗಳಿಗೆ ನೇರವಾಗಿ ಎನಾಮಲ್ ಬಳಿದು, ಕನ್ನಡಿಯಂತೆ ಬಂದಿದೆಯೆಂದು ಎದೆಯುಬ್ಬಿಸಿ ನಿಂತಿದ್ದೆ. ಆಗ ಬತ್ತೇರಿ ಕಡೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ನೆಲೆಸಿದ್ದ ವರ್ಗೀಸ್ ಎಂಬ ಮಲಯಾಳಿ ಮೇಸ್ತ್ರಿ ಆ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಹೆಬ್ಬೆರಳ ಉಗುರಿನಿಂದ ಒಂದು ಸಲ ಕೆರೆದರು. ಮೊಳದುದ್ದ ಬಣ್ಣ ರಿಬ್ಬನ್ನಿನಂತೆ ಎದ್ದು ಬಂತು.

"ಎಡಾ, ಇದು ಪೈಂಟಾ? ಸೀರೆ ಉಡಿಸಿದ್ದೀಯಲ್ಲ" ಎಂದರು.

ಜಿಐ ಮೇಲಿನ ಸತುವಿಗೆ ಎನಾಮಲ್ ಅಂಟುವುದಿಲ್ಲ, ಅದಕ್ಕೆ ಬೇರೆಯೇ ಪ್ರೈಮರ್ ಬೇಕು ಎಂದು ಹೇಳಿಕೊಟ್ಟವರು ಅವರು. ಬಾಯಿ ಬಹಳ ಕೆಟ್ಟದ್ದು, ಕೈ ಬಹಳ ಒಳ್ಳೆಯದು. ಅವರ ಹತ್ತಿರ ನಾಲ್ಕು ವರ್ಷ ಕಲಿತೆ. ಮೂಲೆ, ಅಂಚು, ಬೆಸುಗೆ, ಬೋಲ್ಟಿನ ತಲೆ, ಇವಕ್ಕೆ ಮೊದಲು ಚಿಕ್ಕ ಬ್ರಷ್ಷಿನಲ್ಲಿ ಒಂದು ಕೋಟ್ ಕೊಟ್ಟು ಆಮೇಲೆ ಮೈಗೆ ಬಳಿಯಬೇಕು. ತುಕ್ಕು ಹುಟ್ಟುವುದು ಅಂಚಿನಲ್ಲಿ, ಅಡಿಯಲ್ಲಿ, ಎಂದರೆ ಸೋಮಾರಿಯ ಬ್ರಷ್ಷು ಹೋಗದ ಕಡೆ. ಬಳಿಯುವವನು ಕಬ್ಬಿಣದ ಕೆಳಗೆ ಮಲಗಿ ಮೇಲೆ ನೋಡದಿದ್ದರೆ ಅವನು ಪೇಂಟರೇ ಅಲ್ಲ ಎನ್ನುತ್ತಿದ್ದರು.

ಅವರ ಚೀಲದಲ್ಲಿ ಅಂಗೈಯಗಲದ ಒಂದು ಸುತ್ತಿಗೆ ಇರುತ್ತಿತ್ತು. ಹಳೆಯ ಕಬ್ಬಿಣಕ್ಕೆ ಬಣ್ಣ ಹಾಕುವ ಮೊದಲು ಮೊಳಕ್ಕೊಂದು ಸಲ ತಟ್ಟುತ್ತಾ ಹೋಗುವರು. ಗಟ್ಟಿ ಕಬ್ಬಿಣ ಣಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಹಲಗೆ ಬಡಿದ ಹಾಗೆ ಡಬ್ ಎನ್ನುತ್ತದೆ. ನಾನು ಬಗ್ಗಿ ತುಕ್ಕು ಎಷ್ಟಿದೆ ಎಂದು ನೋಡಲು ಹೋದರೆ, "ಎಡಾ, ನೋಡ್ಬೇಡ, ಕೇಳು" ಎಂದು ತಲೆಗೊಂದು ಕೊಡುತ್ತಿದ್ದರು. ಊರಿಗೆ ವಾಪಸ್ ಹೋಗುವ ದಿನ ಆ ಸುತ್ತಿಗೆಯನ್ನು ನನ್ನ ಕೈಗಿಟ್ಟರು. ಹಿಡಿಯ ಮರ ಸವೆದು ಅವರ ಬೆರಳಿನ ಗುರುತು ಬಿದ್ದಿತ್ತು. ಎಲ್ಲಿಗೆ ಹೋದರೂ ಅದು ನನ್ನ ಚೀಲದಲ್ಲಿ ಇರುತ್ತಿತ್ತು. ಚೀಲದಲ್ಲಿದ್ದರೆ ಸಾಲದು, ಅದು ನನಗೆ ತಡವಾಗಿ ತಿಳಿಯಿತು.

ಅಷ್ಟರಲ್ಲಿ ನಾನು ಒಬ್ಬ ಕಂಟ್ರಾಕ್ಟರ ಬಳಿ ಸೂಪರ್‌ವೈಸರ್ ಆಗಿದ್ದೆ. ಅವರ ಹೆಸರು ಬೇಡ, ಹೇಳಿದರೆ ಖುಷಿಪಡುತ್ತಾರೆ. ಕಾಲ ಬದಲಾಗಿತ್ತು. ಬ್ರಷ್ಷು ಹೋಗಿ ಸ್ಪ್ರೇ ಬಂದಿತ್ತು, ರೆಡ್ ಆಕ್ಸೈಡ್ ಪ್ರೈಮರ್ ಇದ್ದ ಕಡೆ ಎಪಾಕ್ಸಿ ಬಂದಿತ್ತು. ಎಪಾಕ್ಸಿ ಒಳ್ಳೆಯ ವಸ್ತುವೇ. ಕಬ್ಬಿಣವನ್ನು ಉಡದಂತೆ ಕಚ್ಚಿ ಹಿಡಿಯುತ್ತದೆ. ಆದರೆ ಬಿಸಿಲಿಗೆ ಒಡ್ಡಿದರೆ ಸುಣ್ಣದ ಹಾಗೆ ಪುಡಿ ಬಿಡುತ್ತದೆ, ಮೇಲೆ ಪಾಲಿಯುರೆಥೇನ್ ಕೋಟ್ ಇರಲೇಬೇಕು. ನಮ್ಮ ಕಂಟ್ರಾಕ್ಟರು ಕಾಗದದಲ್ಲಿ ಮೂರು ಕೋಟ್ ಬರೆದು ಕಬ್ಬಿಣಕ್ಕೆ ಒಂದು ಕೊಡುತ್ತಿದ್ದರು. ತನಿಖೆಗೆ ಬರುವ ಇಂಜಿನಿಯರ ಬಳಿ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಇತ್ತು. ಅವರಿಗೆ ಸೊಂಟ ನೋವು, ಬಗ್ಗುವುದಿಲ್ಲ, ಹತ್ತುವುದಿಲ್ಲ. ಆದ್ದರಿಂದ ಎದೆಮಟ್ಟದಲ್ಲಿ ಮಾತ್ರ ಮೀಟರ್ ಇಡುತ್ತಿದ್ದರು. ನಾವು ಎದೆಮಟ್ಟಕ್ಕೆ ಮೂರು ಕೋಟ್ ಕೊಡುತ್ತಿದ್ದೆವು. ನಾವು ಎಂದರೆ ನಾನೂ ಸೇರಿ. ಈ ಜಿಲ್ಲೆಯಲ್ಲಿ ಎಷ್ಟೋ ಕಂಬಗಳು ಎದೆಯ ಹತ್ತಿರ ಇನ್ನೂ ಹೊಸದಾಗಿವೆ, ಪಾದದ ಹತ್ತಿರ ಜರಡಿಯಾಗಿವೆ.

ಈಗ ಆ ಏಣಿ.

ಊರಿನ ಹೆಸರು ಹೇಳುವುದಿಲ್ಲ. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಶಾಲೆಯ ಹೊಸ ಕೊಠಡಿಯ ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ಪೆಂಡಾಲಿನ ಹಿಂದೆಯೇ ಊರಿನ ನೀರಿನ ಟ್ಯಾಂಕು, ಅದಕ್ಕೆ ತುಕ್ಕು ಹಿಡಿದ ಕಬ್ಬಿಣದ ಏಣಿ. ಫೋಟೋದಲ್ಲಿ ದೊಡ್ಡವರ ತಲೆಯ ಹಿಂದೆ ತುಕ್ಕು ಕಾಣಬಾರದಲ್ಲ. ಎರಡು ದಿನದಲ್ಲಿ ಏಣಿಗೆ ಬೆಳ್ಳಿ ಬಣ್ಣ ಹೊಡೆಯಬೇಕೆಂದು ಕಂಟ್ರಾಕ್ಟರು ನನ್ನನ್ನು ಕಳಿಸಿದರು.

ಟ್ಯಾಂಕಿನ ಕೆಳಗೆ ಆ ಊರಿನ ನೀರುಗಂಟಿ ಚಿಕ್ಕಮಾದಯ್ಯ ಸಿಕ್ಕಿದರು. ಬೀದಿಗಳಿಗೆ ನೀರು ಬಿಡುವುದು, ವಾರಕ್ಕೊಮ್ಮೆ ಟ್ಯಾಂಕು ಹತ್ತಿ ಬ್ಲೀಚಿಂಗ್ ಪೌಡರ್ ಹಾಕುವುದು ಅವರ ಕೆಲಸ. ಅವರು ಏಣಿಯನ್ನು ಬೆರಳಲ್ಲಿ ತೋರಿಸಿದರು.

"ಮೇಸ್ತ್ರಿ, ಇದ್ರಲ್ಲಿ ಎಲ್ಡು ಮೆಟ್ಲು ನಂಬಂಗಿಲ್ಲ. ನಾನು ಅವುನ್ನ ಬುಟ್ಟು ಬುಟ್ಟು ಅತ್ತೀನಿ. ಬದಲಾಯಿಸ್ಬುಡಿ ಅತ್ಲಾಗೆ."

ನಾನು ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಅದೆಲ್ಲ ಆಮೇಲೆ ನೋಡನ. ನಾಳಿದ್ದು ಏಣಿ ಫಳಫಳ ಅನ್ಬೇಕು, ಅಷ್ಟೇಯ" ಎಂದು ಇಟ್ಟುಬಿಟ್ಟರು.

ಸುತ್ತಿಗೆ ಚೀಲದಲ್ಲಿತ್ತು. ತಟ್ಟಿದ್ದರೆ ಆ ಎರಡು ಮೆಟ್ಟಿಲು ಡಬ್ ಎನ್ನುತ್ತಿದ್ದವು, ಪದರ ಪದರವಾಗಿ ತುಕ್ಕು ಉದುರುತ್ತಿತ್ತು, ಕೆಲಸ ನಿಲ್ಲಿಸಬೇಕಾಗುತ್ತಿತ್ತು. ಅದು ಗೊತ್ತಿದ್ದೇ ನಾನು ತಟ್ಟಲಿಲ್ಲ. ಚಿಕ್ಕಮಾದಯ್ಯನನ್ನು ಪೆಂಡಾಲಿನ ಗುಂಡಿ ತೋಡಲು ಯಾರೋ ಕರೆದುಕೊಂಡು ಹೋದರು. ನಾನು ತಂತಿ ಬ್ರಷ್ಷಿನಿಂದ ಮೇಲೆ ಮೇಲೆ ಉಜ್ಜಿ, ಸ್ಪ್ರೇ ಹಿಡಿದು, ಕೆಳಗಿನಿಂದ ಮೇಲಿನವರೆಗೆ ಬೆಳ್ಳಿ ಬಣ್ಣ ಹೊಡೆದೆ. ನುಣುಪಾಗಿ ಬಂತು. ಉದ್ಘಾಟನೆ ಆಯಿತು. ದೊಡ್ಡವರ ತಲೆಯ ಹಿಂದೆ ಏಣಿ ಹೊಳೆಯಿತು, ಕಂಟ್ರಾಕ್ಟರು ನನ್ನ ಬೆನ್ನು ತಟ್ಟಿದರು.

ಮುಂದಿನ ವಾರ ಚಿಕ್ಕಮಾದಯ್ಯ ಬ್ಲೀಚಿಂಗ್ ಪೌಡರಿನ ಬಕೆಟ್ಟು ಹಿಡಿದು ಹತ್ತಿದರು. ಎರಡಾಳು ಎತ್ತರದಲ್ಲಿ ಮೆಟ್ಟಿಲು ಕಿತ್ತು ಬಂತು. ತೊಡೆಯ ಮೂಳೆ ಎರಡು ಕಡೆ ಮುರಿಯಿತು.

ಚಾಮರಾಜನಗರದ ಆಸ್ಪತ್ರೆಗೆ ಹೋದೆ. ಬಯ್ಯಲಿ, ಎದ್ದು ಬರುತ್ತೇನೆ ಎಂದುಕೊಂಡಿದ್ದೆ. ಅವರು ಬಯ್ಯಲಿಲ್ಲ.

"ನಿಮ್ದೇನ್ ತಪ್ಪಿಲ್ಲ ಕನಾ ಮೇಸ್ತ್ರಿ. ಅಷ್ಟ್ ಚೆಂದಾಗಿ ಒಳೀತಿತ್ತು. ಒಸಾ ಮೆಟ್ಲೇ ಆಕವ್ರೆ ಅನ್ಕಬುಟ್ಟೆ."

"ಎಷ್ಟನೇ ಮೆಟ್ಲು ಅಂತ ಲೆಕ್ಕ ಇಟ್ಟಿರ್ಲಿಲ್ವಾ?"

"ಲೆಕ್ಕ ಯಾಕೆ? ಕೆಂಪಗೆ ಕಾಣವು. ಕಂಡ್ ಕೂಡ್ಲೆ ಬುಟ್ಟು ಅತ್ತುತಿದ್ದೆ."

ಹಾಸಿಗೆಯ ಪಕ್ಕ ಅವರ ಹೆಂಡತಿ ಪುಟ್ಟತಾಯಮ್ಮ ನೆಲದ ಮೇಲೆ ಕೂತಿದ್ದರು. ಅದುವರೆಗೂ ನನ್ನ ಕಡೆ ನೋಡಿರಲಿಲ್ಲ. "ಅಲ್ಲ ಕನಣ್ಣ" ಎಂದರು ನಿಧಾನವಾಗಿ, "ತುಕ್ಕಿದ್ದಾಗ ಇವ್ರು ಒಂದ್ ದಿನಾನೂ ಬೀಳ್ನಿಲ್ಲ."

ಆ ಮನುಷ್ಯನಿಗಿದ್ದ ಒಂದೇ ರಕ್ಷಣೆ ಆ ತುಕ್ಕು. ಅದನ್ನು ನಾನು ಮುಚ್ಚಿದ್ದೆ. ಕಬ್ಬಿಣವನ್ನು ಕಾಪಾಡಬೇಕಾದ ಬಣ್ಣ ಕಬ್ಬಿಣವನ್ನೂ ಕಾಪಾಡಲಿಲ್ಲ, ಮನುಷ್ಯನನ್ನೂ ಕೆಡವಿತು. ನನ್ನ ಹತ್ತಿರ ಸುತ್ತಿಗೆ ಇತ್ತು, ತಟ್ಟಿ ನೋಡದೆ ಬಳಿದೆ ಎಂದು ಅಲ್ಲೇ ಇಬ್ಬರಿಗೂ ಹೇಳಿದೆ. ಚಿಕ್ಕಮಾದಯ್ಯ ಚಾವಣಿ ನೋಡಿದರು. ಪುಟ್ಟತಾಯಮ್ಮ, "ಇದ್ದೂ ತಟ್ನಿಲ್ವಾ?" ಎಂದು ಒಂದೇ ಮಾತು ಕೇಳಿ ಎದ್ದು ನೀರು ತರಲು ಹೋದರು.

ಕಂಟ್ರಾಕ್ಟರ ಮಾತು ಬೇರೆ. ಬಣ್ಣ ಹೊಡೆದದ್ದಕ್ಕೆ ಯಾರಾದರೂ ಬೀಳುತ್ತಾರೇನ್ರೀ, ಕುಡಿದು ಹತ್ತಿರಬೇಕು ಎಂದರು. ಚಿಕ್ಕಮಾದಯ್ಯ ಎಲೆಅಡಿಕೆಯನ್ನೂ ಮುಟ್ಟದ ಮನುಷ್ಯ. ಅಲ್ಲಿಗೆ ಅವರ ಕೆಲಸ ಬಿಟ್ಟೆ. ಇದನ್ನು ಧೈರ್ಯ ಎಂದು ಯಾರೂ ಬರೆದುಕೊಳ್ಳಬೇಡಿ, ಧೈರ್ಯ ಮಾಡಬೇಕಾದ ದಿನ ನಾನು ಸ್ಪ್ರೇ ಹಿಡಿದು ನಿಂತಿದ್ದೆ.

ಊರಿನವರು ಗಲಾಟೆ ಮಾಡಿದ ಮೇಲೆ ಹೊಸ ಏಣಿ ಬಂತು. ಬಣ್ಣ ನಾನೇ ಹಾಕುತ್ತೇನೆ, ಯಾರೂ ಅವಸರ ಮಾಡಕೂಡದು, ಗಳಿಗೆ ನೋಡಕೂಡದು ಎಂದು ಹೇಳಿ ಹೋದೆ. ಏಣಿಯನ್ನು ನಿಲ್ಲಿಸುವ ಮೊದಲೇ ನೆಲದ ಮೇಲೆ ಮಲಗಿಸಿ ಎಣ್ಣೆಯ ಜಿಡ್ಡು ತೆಗೆದೆ. ಹೊಸ ಕಬ್ಬಿಣದ ಮೇಲಿರುವ ನೀಲಿ ಹೊಪ್ಪಳೆಯನ್ನೂ ಬಿಡಲಿಲ್ಲ, ಅದು ಗಟ್ಟಿಯೆಂದು ನಂಬುವ ದಡ್ಡರಿದ್ದಾರೆ, ಬಣ್ಣ ಸಮೇತ ಅದೇ ಎದ್ದು ಬರುತ್ತದೆ. ಪ್ರತಿ ಮೆಟ್ಟಿಲು ಪಟ್ಟಿಗೆ ಸೇರುವ ಸಂದಿಗೆ ಚಿಕ್ಕ ಬ್ರಷ್ಷಿನಲ್ಲಿ ಮೊದಲು ಬಳಿದೆ. ಮಂಡಿ ಆಗಲೇ ತಕರಾರು ತೆಗೆದಿತ್ತು, ಆದರೂ ಕೆಳಗೆ ಮಲಗಿ ಅಡಿಮೈ ನೋಡಿದೆ. ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಪಾಲಿಯುರೆಥೇನ್ ಎರಡು. ಒಂದೊಂದು ಕೋಟೂ ಪೂರ್ತಿ ಒಣಗುವವರೆಗೆ ಹುಣಸೆಮರದ ಕೆಳಗೆ ಕೂತು ಕಾದೆ. ಬೆಳ್ಳಿ ಬೇಡವೇ ಎಂದು ಊರಿನವರು ಕೇಳಿದರು. ತಿಳಿ ಹಳದಿ ಬಳಿದೆ. ಸಾಸಿವೆಯಷ್ಟು ತುಕ್ಕು ಹುಟ್ಟಿದರೂ ಅದರ ಮೇಲೆ ಕೆಂಪಗೆ ಕಾಣಬೇಕು. ಹೊರಗಿನ ಕಬ್ಬಿಣಕ್ಕೆ ಬಣ್ಣ ಆರಿಸುವ ವಿದ್ಯೆಯಲ್ಲಿ ನಾನು ಕಲಿತದ್ದು ಕೊನೆಗೆ ಇಷ್ಟೇ. ಬಾಳಿಕೆ ಬರಬೇಕು, ಬಾಳದ ದಿನ ಸುಳ್ಳು ಹೇಳಬಾರದು.

ನೀರುಗಂಟಿ ಕೆಲಸವನ್ನು ಪುಟ್ಟತಾಯಮ್ಮನಿಗೆ ಕೊಟ್ಟಿದ್ದರು. ಮೊದಲ ಸಲ ಅವರು ಟ್ಯಾಂಕು ಹತ್ತುವ ಬೆಳಿಗ್ಗೆ ನಾನೂ ಹೋಗಿದ್ದೆ. ಚಿಕ್ಕಮಾದಯ್ಯ ಕೋಲು ಊರಿಕೊಂಡು ಬಂದು ಕಲ್ಲಿನ ಮೇಲೆ ಕೂತಿದ್ದರು. ಪುಟ್ಟತಾಯಮ್ಮ ಸೀರೆ ಎತ್ತಿ ಕಟ್ಟಿ ಏಣಿಯ ಕೆಳಗೆ ನಿಂತು ಮೇಲೆ ನೋಡಿದರು.

"ಹತ್ತವ್ವ" ಎಂದೆ. "ನಾಲ್ಕು ಕೋಟು ಹಾಕಿದ್ದೀನಿ. ಏನೂ ಆಗಲ್ಲ."

ಅವರು ನನ್ನ ಮುಂದೆ ಕೈ ಚಾಚಿದರು. "ಸುತ್ಗೆ ಕೊಡಿ."

ಕೊಟ್ಟೆ. ಮೊದಲನೆಯ ಮೆಟ್ಟಿಲಿಗೆ ತಟ್ಟಿದರು. ಕಿವಿ ಹತ್ತಿರ ತಂದು ಇನ್ನೊಂದು ಸಲ ತಟ್ಟಿದರು. ಆಮೇಲೆ ಕಾಲಿಟ್ಟರು. ಹಾಗೇ ಎರಡನೆಯದು, ಮೂರನೆಯದು. ಕೆಳಗಿನಿಂದ ಚಿಕ್ಕಮಾದಯ್ಯ ಎಣಿಸುತ್ತಿದ್ದರು, ಲೆಕ್ಕವೇ ಇಡದಿದ್ದ ಮನುಷ್ಯ. ಒಂಬತ್ತು ಎಂದವರು ಅಲ್ಲಿ ನಿಲ್ಲಿಸಿದರು, ಹಳೆಯ ಏಣಿಯ ಮೆಟ್ಟಿಲು ಕಿತ್ತು ಬಂದದ್ದು ಆ ಎತ್ತರದಲ್ಲೇ. ಪುಟ್ಟತಾಯಮ್ಮ ಒಂಬತ್ತನೆಯದಕ್ಕೆ ನಾಲ್ಕು ಸಲ ತಟ್ಟಿದರು. ಬಣ್ಣಕ್ಕೆ ಪೆಟ್ಟು ಬೀಳುತ್ತದೆ, ಮೆಲ್ಲಗೆ ತಟ್ಟಿ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕೊನೆಯ ಮೆಟ್ಟಿಲವರೆಗೂ ಣಣ್ ಎಂದೇ ಕೇಳಿತು.

ಪೌಡರ್ ಹಾಕಿ ಇಳಿದು ಬಂದರು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ನೀರು ಬಿಡಲು ಹೋದರು. ಅದನ್ನು ಅವರು ವಾಪಸ್ ಕೊಡಲಿಲ್ಲ, ನಾನು ಕೇಳಲಿಲ್ಲ. ಆ ಏಣಿಯ ಬಣ್ಣಕ್ಕೆ ಇವತ್ತಿಗೂ ಏನೂ ಆಗಿಲ್ಲ. ಪುಟ್ಟತಾಯಮ್ಮ ಇವತ್ತಿಗೂ ಪ್ರತಿ ಮೆಟ್ಟಿಲು ತಟ್ಟಿಯೇ ಹತ್ತುತ್ತಾರೆ.